ಮೊದಲ ಹೆಂಟೆ

ಫ್ರೀಸರೆಂಬ ತಗ್ಗುನಾಡಿನವರ ಕರಾವಳಿಯ ಓಸ್ಟರ್‌ವಾರ್ಫ್‌ನಲ್ಲಿ ಕಡಲ ಏರಿಯ ಮೇಲೆ ಗೆಸೆಕೆಯ ಪಾಲು ಯಾವುದೆಂದು ಕೇಳಿದರೆ ಇಂದಿಗೂ ಯಾರಾದರೂ ಕೈ ಮಾಡಿ ತೋರಿಸುತ್ತಾರೆ. ತೂಬಿನಿಂದ ಪಶ್ಚಿಮಕ್ಕೆ ನಲವತ್ತು ಮಾರು. ಅಲ್ಲಿ ಹುಲ್ಲು ದಟ್ಟವಾಗಿದೆ, ಇಲಿಬಿಲಗಳಿಲ್ಲ, ಕುರಿ ತುಳಿದ ಗುಂಡಿಯೂ ಇಲ್ಲ. ಆ ನಲವತ್ತು ಮಾರಿನ ನಡುವೆ, ಮಣ್ಣಿನೊಳಗೆ, ಅವಳ ಗಂಡನಿದ್ದಾನೆ.

ಗೆಸೆಕೆ ತನ್ನ ಎಪ್ಪತ್ತನೆಯ ವರ್ಷದಲ್ಲಿ ಹೇಳಿದ್ದನ್ನೂ ಅವಳ ಮೈದುನ ಹಾರ್ಮ್ ಹೇಳಿದ್ದನ್ನೂ ಹಗೆಯ ಕುಲದ ಟೀಡೆ ಹೇಳಿದ್ದನ್ನೂ ಬೇರೆ ಬೇರೆಯಾಗಿ ಕೇಳಿ, ಒಂದರ ಪಕ್ಕ ಒಂದನ್ನಿಟ್ಟು ಈ ಬಾಳನ್ನು ಜೋಡಿಸಲಾಗಿದೆ. ಮೂವರ ಮಾತು ಕೂಡದ ಕಡೆ ಹಾಗೆಂದೇ ಬರೆದಿದೆ.

ಹತ್ತೊಂಬತ್ತನೆಯ ವಯಸ್ಸಿಗೆ ಅವಳು ತೂಬಿನ ಕಾವಲುಗಾರ ರೈಮರನ ಹೆಂಡತಿಯಾಗಿ ಈ ಊರಿಗೆ ಬಂದಳು. ಇಲ್ಲಿ ಹೊಲವಿದ್ದವನಿಗೆ ಏರಿಯಲ್ಲೂ ಪಾಲುಂಟು. ಆ ಪಾಲನ್ನು ಅವನೇ ಕಾಯಬೇಕು. ಹೊಸ ಸೊಸೆ ಅತ್ತೆಯ ಒಲೆಯನ್ನು ಅರಿಯುವ ಮೊದಲೇ ಹುಲ್ಲುಸಮೇತ ಜೇಡಿಯ ಹೆಂಟೆ ಎತ್ತುವುದನ್ನು ಕಲಿತಳು. ಒಂದು ಕಟ್ಟಳೆಯನ್ನೂ ಕಲಿತಳು. ಏರಿಯನ್ನು ಕಡಿದವನನ್ನು ಕಡಿದ ಜಾಗದಲ್ಲೇ ಜೀವಸಹಿತ ಹೂಳಬೇಕು. ಶತ್ರುವಿನ ದಂಡು ಬಂದಾಗ ಮಾತ್ರ ಕಡಲನ್ನು ಒಳಗೆ ಬಿಡಬಹುದು. ಆಗಲೂ ಊರಿನ ಹಿರಿಯನೊಬ್ಬ ತನ್ನ ಕೈಯಾರೆ ಮೊದಲ ಹೆಂಟೆ ಎತ್ತಬೇಕು. ಆಮೇಲೆ ಯಾರು ಅಗೆದರೂ ಅದರ ಹೊಣೆ ಆ ಹಿರಿಯನದು, ಅವನ ಕುಲದ್ದು.

ಮೇಲ್ನಾಡಿನ ಪ್ರಭು ಈ ತಗ್ಗುನಾಡನ್ನು ಬಗ್ಗಿಸಲು ಮೊದಲ ಸಲ ದಂಡೆತ್ತಿ ಬಂದಾಗ ಗೆಸೆಕೆಗೆ ಇಪ್ಪತ್ತೈದು, ಮಗಳು ಸಿಲ್ಲೆಗೆ ನಾಲ್ಕು. ಮಂಜು ಕವಿದ ಮುಂಜಾನೆ ರೈಮರನ ಕುಲದ ಯಜಮಾನ ಫೋಲ್ಕರ್ಟ್ ಕುದುರೆ ಓಡಿಸಿಕೊಂಡು ಏರಿಗೆ ಬಂದ. ಉಬ್ಬರ ಏರುತ್ತಿತ್ತು.

"ರೈಮರ್, ದಂಡು ಚರ್ಚಿನ ದಾರಿ ಹಿಡಿದೈತೆ. ತೂಬಿನ ನೀರು ಸಾಲಲ್ಲ. ಇಲ್ಲೇ ಕಡಿ."

ರೈಮರ್ ಸನಿಕೆಯ ಹಿಡಿಯನ್ನು ಅವನತ್ತ ಚಾಚಿದ. "ಮೊದಲ್ನೇ ಹೆಂಟೆ ನಿಂದು ದೊಡ್ಡಪ್ಪ. ಇಳಿ."

"ಮಂಡಿ ಹಿಡ್ಕೊಂಡೈತೆ ಕಣೋ. ಇಳಿದ್ರೆ ಮತ್ತೆ ಹತ್ತಿಸೋಕೆ ನಾಲ್ಕು ಜನ ಬೇಕು. ನಿನ್ನ ಕೈ ಬೇರೆ, ನನ್ನ ಕೈ ಬೇರೆನಾ?"

"ಒಂದೇ ಹೆಂಟೆ ಮಾವ," ಎಂದಳು ಗೆಸೆಕೆ. "ನಾನು ಹೆಗಲು ಕೊಡ್ತೀನಿ."

"ಏರಿ ಮೇಲೆ ಸೊಸೇರು ನ್ಯಾಯ ಹೇಳೋ ಕಾಲ ಬಂತಲ್ಲಪ್ಪ!"

ಸುತ್ತ ನಿಂತವರು ನಕ್ಕರು. ರೈಮರನಿಗೆ ನಾಚಿಕೆಯಾಯಿತು. ಕುಲದ ಹಿರಿಯನನ್ನು ಕುದುರೆಯಿಂದಿಳಿಸಿ ಹತ್ತು ಜನರೆದುರು ಕೆಸರಿನಲ್ಲಿ ಮಂಡಿಯೂರಿಸುವಂಥ ಅವಮರ್ಯಾದೆಯನ್ನು ಆ ಮನೆತನದಲ್ಲಿ ಯಾರೂ ಮಾಡಿರಲಿಲ್ಲ. ಅವನೇ ಅಗೆದ.

ಕಡಲು ಒಳನುಗ್ಗಿತು. ಪ್ರಭುವಿನ ಸವಾರರು ಎದೆಮಟ್ಟದ ನೀರಿನಲ್ಲಿ ಸಿಕ್ಕಿಕೊಂಡರು. ಊರವರು ದೋಣಿಗಳಲ್ಲಿ ಹೋಗಿ ಮೊದಲು ಕುದುರೆಗಳನ್ನು ಇರಿದರು. ಕಬ್ಬಿಣ ತೊಟ್ಟವರು ತಾವಾಗಿಯೇ ಮುಳುಗಿದರು. ತಲೆ ಎತ್ತಿದವರನ್ನು ಕಾಲುವೆ ಜಿಗಿಯುವ ಗಳುಗಳಿಂದ ಕೆಳಕ್ಕೆ ಒತ್ತಿ ಹಿಡಿದರು. ಸಂಜೆಗೆ ಗಂಟೆ ಬಾರಿಸಿ ಬಿಯರ್ ಪೀಪಾಯಿ ಒಡೆದರು. ನೀರಿಳಿದ ಮೇಲೆ, ಏರಿಯ ಹಿಂದಣ ತಗ್ಗಿನಲ್ಲಿ ಟೀಡೆಯ ಕುಲದ ಎರಡು ಮನೆಗಳು ಕಂಡವು. ಹನ್ನೊಂದು ಜನ. ಟೀಡೆ ಚರ್ಚಿನ ದಿಬ್ಬದ ಕಾವಲಿಗೆ ಹೋಗಿದ್ದರಿಂದ ಉಳಿದಿದ್ದ. ಅವನ ತಾಯಿ ಅಟ್ಟದ ಮೇಲಿದ್ದಳು. ಒಳಗಿನಿಂದ ಸೂರಿನ ಹುಲ್ಲನ್ನು ಕಿತ್ತು ಕಿತ್ತು, ಎರಡೂ ಕೈ ಮೊಣಕೈವರೆಗೆ ಅದರಲ್ಲೇ ಸಿಕ್ಕಿಕೊಂಡಿದ್ದವು.

ಆ ಮನೆಗಳಿಗೆ ಸುದ್ದಿ ಹೇಳಲು ಆಳನ್ನು ಕಳಿಸಿದ್ದೆನೆಂದು ಫೋಲ್ಕರ್ಟ್ ಹೇಳಿದ. ಕಳಿಸಿದ್ದು ನಿಜವೆಂದು ಹಾರ್ಮ್ ಈಗಲೂ ಹೇಳುತ್ತಾನೆ. ಯಾರೂ ಬರಲಿಲ್ಲವೆಂದು ಟೀಡೆ ಹೇಳುತ್ತಾನೆ. ಎರಡು ಕುಲಗಳ ನಡುವೆ ಹುಲ್ಲುಗಾವಲಿನ ಜಗಳ ಏಳು ವರ್ಷದಿಂದ ನಡೆದಿತ್ತು. ಇದಕ್ಕಿಂತ ಮುಂದೆ ಯಾರ ಮಾತೂ ಹೋಗುವುದಿಲ್ಲ.

ಎಂಟನೆಯ ದಿನ ಒಡಕಿನ ಬಾಯಿಯಲ್ಲೇ ಊರಿನ ಹಿರಿಯರ ಏರಿನ್ಯಾಯ ಕೂಡಿತು. ಅಂದು ಫೋಲ್ಕರ್ಟ್ ಇಬ್ಬರ ಹೆಗಲ ಮೇಲೆ ಕೈ ಹಾಕಿಕೊಂಡು ನೆಲದ ಮೇಲೆ ನಿಂತಿದ್ದ.

"ಮೊದಲ್ನೇ ಹೆಂಟೆ ಎತ್ತಿದ ಕೈ ಯಾರ್ದು?" ಎಂದು ಟೀಡೆ ಕೇಳಿದ.

"ತೂಬು ತೆಗಿ ಅಂದಿದ್ದೆ," ಎಂದ ಫೋಲ್ಕರ್ಟ್. "ಏರಿ ಕಡಿ ಅಂದೋನಲ್ಲ."

ಗೆಸೆಕೆ ಕೂಗಿ ಹೇಳಿದ್ದನ್ನು ಯಾರೂ ತಡೆಯಲಿಲ್ಲ, ಕೇಳಲೂ ಇಲ್ಲ. ಗಂಡನ ಪರವಾಗಿ ಹೆಂಡತಿಯ ಮಾತು ಸಲ್ಲುವುದಿಲ್ಲ. ರೈಮರ್ ಉಳಿಯಬೇಕಾದರೆ ಅವನ ಕುಲದ ಹನ್ನೆರಡು ಗಂಡಸರು ಅವನ ಸನಿಕೆ ಮುಟ್ಟಿ ಆಣೆ ಮಾಡಬೇಕಿತ್ತು. ಏರಿಯ ಮೇಲೆ ಆ ಕುಲದವರು ನಲವತ್ತು ಜನರಿದ್ದರು. ತಮ್ಮ ಹಾರ್ಮ್ ಒಬ್ಬನೇ ಮುಂದೆ ಬಂದ, ಕೈಯನ್ನೂ ಚಾಚಿದ, ಮತ್ತೆ ಹಿಂದಕ್ಕೆಳೆದುಕೊಂಡ.

"ಅಣ್ಣ, ದೊಡ್ಡಪ್ಪನ ಮೇಲೆ ತಪ್ಪು ಬಂದ್ರೆ ಇಡೀ ಕುಲದ ಮೇಲೆ ಹಗೆ ಬೀಳುತ್ತೆ. ನಾವು ಮೂವತ್ತು ಮನೆ. ನೀನು ಒಬ್ಬ."

ರೈಮರ್ ಅವನನ್ನು ಬಿಟ್ಟು ಮುದುಕನ ಕಡೆ ನೋಡಿ ನಕ್ಕ. "ಇವತ್ತು ಹೆಂಗೆ ಇಳಿದೆ ದೊಡ್ಡಪ್ಪ? ಮಂಡಿ ವಾಸಿ ಆಯ್ತಾ?"

ಕೈಕಾಲು ಕಟ್ಟಿ ಅವನನ್ನು ಒಡಕಿನಲ್ಲಿ ನಿಲ್ಲಿಸಿದರು. ಮೊದಲ ಮಣ್ಣು ರಕ್ತಸಂಬಂಧಿಯೇ ಹಾಕಬೇಕು, ಹಾರ್ಮ್ ಹಾಕಿದ. ಜಾರುಬಂಡಿಗಳಲ್ಲಿ ಜೇಡಿ ಬಂತು, ಸುತ್ತ ಹೆಂಟೆಗಳನ್ನು ಪೇರಿಸುತ್ತ ಬಂದರು. ಮಣ್ಣು ಎದೆ ದಾಟಿದಾಗ ರೈಮರ್ ಬಾಯಿ ತೆರೆದ. ಬೇಡಿಕೊಳ್ಳುತ್ತಾನೆಂದು ಎಲ್ಲರೂ ಕೈ ನಿಲ್ಲಿಸಿದರು.

"ಆ ಹೆಂಟೆ ತಲೆಕೆಳಗಾಗಿಟ್ಟಿದ್ದೀಯಲ್ಲೋ ಹಾರ್ಮ. ಹುಲ್ಲು ಮೇಲೆ ಬರ್ಬೇಕು. ಚಳಿಗಾಲಕ್ಕೇ ಕಿತ್ಕೊಂಡು ಹೋಗುತ್ತೆ."

ಹಾರ್ಮ್ ಆ ಹೆಂಟೆಯನ್ನು ತಿರುಗಿಸಿಟ್ಟ. ಮುಂದಿನದನ್ನು ಸರಿಯಾಗಿಟ್ಟ. ಟೀಡೆ ಏರಿಯ ಆಚೆಗೆ ಹೋಗಿ ವಾಂತಿ ಮಾಡಿಕೊಂಡ. ಇದನ್ನು ಹೇಳಿದವನು ಟೀಡೆಯೇ.

ಒಡೆಯನಿಲ್ಲದ ಏರಿಪಾಲಿನಲ್ಲಿ ಒಂದು ಸನಿಕೆ ನೆಡುವುದು ಇಲ್ಲಿಯ ರೂಢಿ. ಅದನ್ನು ಕಿತ್ತವನಿಗೆ ಆ ಹೊಲವೂ ಸೇರುತ್ತದೆ, ಏರಿಯ ಹೊರೆಯೂ ಸೇರುತ್ತದೆ. ಒಡಕು ಮುಚ್ಚಿದ ಮೇಲೆ, ರೈಮರನ ತಲೆಯ ಮೇಲಣ ಮಣ್ಣಿನಲ್ಲಿ ಅವನದೇ ಸನಿಕೆ ನೆಟ್ಟರು. ಹಾರ್ಮ್ ಕೈ ಹಾಕುವ ಮೊದಲೇ ಗೆಸೆಕೆ ಅದನ್ನು ಕಿತ್ತುಕೊಂಡಳು.

"ಒಂದು ಚಳಿಗಾಲಕ್ಕೆ ನಿನ್ನ ಸೊಂಟ ಮುರಿಯುತ್ತೆ," ಎಂದ ಫೋಲ್ಕರ್ಟ್.

"ಮುರೀಲಿ ಮಾವ. ನಿಮ್ಮನ್ನ ಎತ್ತೋ ಕೆಲಸವಂತೂ ಇಲ್ವಲ್ಲ."

ಇಪ್ಪತ್ತು ವರ್ಷ ಅವಳು ಆ ನಲವತ್ತು ಮಾರನ್ನು ಕಾದಳು. ತಪಾಸಣೆಗೆ ಬಂದವರು ಕೋಲಿನಿಂದ ಚುಚ್ಚಿ ಚುಚ್ಚಿ ನೋಡಿ ಏನೂ ಸಿಗದೆ ಹೋಗುತ್ತಿದ್ದರು. ಗಂಡ ನಿಂತಿದ್ದ ಜಾಗದಲ್ಲಿ ಮಣ್ಣು ಎರಡು ಸಲ ಕುಸಿಯಿತು. ಎರಡು ಸಲವೂ ಅವಳೇ ತುಂಬಿ ತುಳಿದಳು. ಫೋಲ್ಕರ್ಟ್ ಏರಿಯ ಮೇಲೆ ಸಿಕ್ಕಿದಾಗಲೆಲ್ಲ ಅವಳು ಕೇಳುತ್ತಿದ್ದ ಪ್ರಶ್ನೆ ಒಂದೇ: "ಮಂಡಿ ಹೆಂಗೈತೆ ಮಾವ?" ಮುದುಕ ಕುದುರೆಯನ್ನು ಬೇರೆ ಕಡೆ ತಿರುಗಿಸುತ್ತಿದ್ದ.

ಸಿಲ್ಲೆ ಬೆಳೆದಳು. ಚರ್ಚಿನ ದಾರಿಯ ತುದಿಯಲ್ಲಿ, ಎತ್ತರದ ದಿಬ್ಬದ ಮೇಲಿದ್ದ ಮನೆಗೆ ಮದುವೆಯಾಗಿ ಹೋದಳು. ಊರಿಗೆ ಕಡಲು ನುಗ್ಗಿದರೆ ಆ ಮನೆ ನಡುಗಡ್ಡೆಯಂತೆ ಉಳಿಯುತ್ತದೆ; ದಂಡು ನುಗ್ಗಿದರೆ ಮೊದಲು ಸಿಗುವ ಮನೆ ಅದೇ.

ಅಂದು ಆ ನೀರಿನಲ್ಲಿ ಸತ್ತ ಪ್ರಭುವಿನ ಮಗ ಹಗೆ ತೀರಿಸಿಕೊಳ್ಳಲು ಬಂದಾಗ ಸಿಲ್ಲೆ ಎಂಟು ದಿನದ ಬಾಣಂತಿ. ಫೋಲ್ಕರ್ಟನಿಗೆ ಎಪ್ಪತ್ತೊಂಬತ್ತು. ಈ ಸಲವೂ ಅವನು ಕುದುರೆಯ ಮೇಲೆಯೇ ಬಂದ. ಉಬ್ಬರ ತುಂಬಿ ನಿಂತಿತ್ತು. ಸುತ್ತ ಮೂವತ್ತು ಸನಿಕೆಗಳಿದ್ದವು.

"ಗೆಸೆಕೆ, ನಿನ್ನ ಪಾಲಿನಲ್ಲೇ ಕಡೀಬೇಕು. ಬೇರೆ ಕಡೆ ಆಗಲ್ಲ."

ಅವಳು ಸನಿಕೆಯ ಹಿಡಿಯನ್ನು ಚಾಚಿದಳು. "ಮೊದಲ್ನೇ ಹೆಂಟೆ ನಿಮ್ದು ಮಾವ."

ಫೋಲ್ಕರ್ಟ್ ಟೀಡೆಯ ಕಡೆ ನೋಡಿದ. ಟೀಡೆ ಈಗ ಏರಿನ್ಯಾಯದ ಹಿರಿಯರಲ್ಲೊಬ್ಬ. ಮೊದಲ ಹೆಂಟೆ ಎತ್ತಿದವನ ಹೊಣೆಯಲ್ಲಿ ಯಾರು ಮುಳುಗಿದರೂ ನಾಳೆ ಕೇಳುವವನು ಅವನೇ.

"ಯಾರಾದ್ರೂ ಕಡೀರೋ!" ಎಂದು ಮುದುಕ ಕೂಗಿದ. "ಹಾರ್ಮ್!"

ಹಾರ್ಮ್ ತನ್ನ ಸನಿಕೆಯನ್ನು ಬೆನ್ನ ಹಿಂದಕ್ಕೆ ಸರಿಸಿಕೊಂಡ. ರೈಮರನ ಮೇಲೆ ಮಣ್ಣು ಹಾಕಿದ ಕೈ ಆ ಮೂವತ್ತು ಜನರಲ್ಲಿ ಹಲವರದಿತ್ತು, ಒಬ್ಬನೂ ಕದಲಲಿಲ್ಲ.

ಹಾರ್ಮ್ ಗೆಸೆಕೆಯ ಹತ್ತಿರ ಬಂದು ಮೆಲ್ಲಗೆ ಹೇಳಿದ: "ಅತ್ತಿಗೆ, ಸಿಲ್ಲೆ ದಂಡಿನ ದಾರೀಲಿದ್ದಾಳೆ. ಕೂಸಿದೆ."

"ಗೊತ್ತು."

"ಬಿಟ್ಬಿಡು. ನೀನೇ ಮೊದಲ್ನೇ ಹೆಂಟೆ ಎತ್ತು."

"ನಿಮ್ಮಣ್ಣನೂ ಹಂಗೇ ಬಿಟ್ಟ."

ಅವಳು ಒಂದೇ ಒಂದು ಸಲ ಒಳನಾಡಿನ ಕಡೆ ತಿರುಗಿ ನೋಡಿದಳೆಂದು ಟೀಡೆ ಹೇಳುತ್ತಾನೆ. ನೋಡಲೇ ಇಲ್ಲವೆಂದು ಅವಳು ಹೇಳಿದಳು.

ಫೋಲ್ಕರ್ಟ್ ಬೈದ, ಶಾಪ ಹಾಕಿದ, ಅತ್ತ. ಕೊನೆಗೆ ನಾಲ್ಕು ಜನ ಅವನನ್ನು ಇಳಿಸಿದರು. ಮಂಡಿಯೂರಿ, ಸನಿಕೆಯ ಹಿಡಿಯ ಮೇಲೆ ಎದೆಯಿಟ್ಟು ಒತ್ತಿ ಅವನು ಒಂದು ಹೆಂಟೆ ಎತ್ತಿದ. ಆಗ ಮೂವತ್ತು ಸನಿಕೆಗಳೂ ಒಟ್ಟಿಗೆ ಏರಿಗೆ ಬಿದ್ದವು. ಮೊಣಕಾಲಾಳ ಅಗೆಯುವಷ್ಟರಲ್ಲಿ ಯಾರೋ ಕಡಲ ಕಡೆ ಕೈ ತೋರಿಸಿದರು. ಇಳಿತ ಶುರುವಾಗಿತ್ತು. ನೀರು ಏರಿಯ ಬುಡ ಬಿಟ್ಟು ಕೆಸರಿನ ಮೇಲೆ ಹಿಂದೆ ಹಿಂದೆ ಸರಿಯುತ್ತಿತ್ತು.

ದಂಡು ಒಣದಾರಿಯಲ್ಲಿ ಬಂತು. ಮೊದಲ ಹೊಗೆ ಚರ್ಚಿನ ದಾರಿಯ ತುದಿಯಿಂದಲೇ ಎದ್ದಿತು. ಸಿಲ್ಲೆಯನ್ನು ಬಾಗಿಲಲ್ಲಿ ಕೊಂದಿದ್ದರು. ಕೂಸನ್ನು ತೊಟ್ಟಿಲಿನಿಂದ ಹೊರಗೆ ತೆಗೆಯುವ ಗೋಜಿಗೂ ಹೋಗದೆ ಮನೆಗೆ ಬೆಂಕಿಯಿಟ್ಟಿದ್ದರು. ಊರಿನಲ್ಲಿ ಅರವತ್ತೆರಡು ಜನ ಸತ್ತರು. ಫೋಲ್ಕರ್ಟನಿಗೆ ಓಡಲಾಗಲಿಲ್ಲ. ತೂಬಿನ ತೊಲೆಗೆ ಅವನನ್ನು ನೇತುಹಾಕಿದರು. ತೊಲೆ ತಗ್ಗಾಗಿದ್ದರಿಂದ ಮಂಡಿ ನೆಲಕ್ಕೆ ತಾಗುತ್ತಿತ್ತು, ಸಾಯಲು ಬಹಳ ಹೊತ್ತು ಹಿಡಿಯಿತು.

ಗೆಸೆಕೆ ಏರಿಯ ಹೊರಮೈಯಲ್ಲಿ ಜೊಂಡಿನೊಳಗೆ ಮಲಗಿ ಉಳಿದಳು. ಮಗಳು ದಂಡಿನ ದಾರಿಯಲ್ಲಿದ್ದಾಳೆಂದು ತಿಳಿದೂ ಹಾಗೇಕೆ ಮಾಡಿದಳೆಂಬ ಪ್ರಶ್ನೆಯನ್ನು ಅವಳ ಮುಂದೆ ಮೂರು ಸಲ, ಮೂರು ಬೇರೆ ದಿನ ಇಡಲಾಯಿತು. ಮೊದಲೆರಡು ಸಲ ಅವಳು ಎದ್ದು ಹೋದಳು. ಮೂರನೆಯ ಸಲ ಹೇಳಿದಳು: "ನಾನು ಕೇಳಿದ್ದು ಒಂದೇ ಹೆಂಟೆ. ಅದ್ಕೆ ಎಷ್ಟು ಹೊತ್ತು ಬೇಕು?"

ದಂಡು ಹಿಂದಿರುಗಿದ ಮರುದಿನ ಅವಳು ಏರಿಗೆ ಹೋದಳು. ಮುಂದಿನ ದೊಡ್ಡ ಉಬ್ಬರದೊಳಗೆ ಕಡಿದದ್ದನ್ನು ಮುಚ್ಚಬೇಕಿತ್ತು, ಮುಚ್ಚಲು ಬೇರೆ ಯಾರೂ ಬಂದಿರಲಿಲ್ಲ. ಜೇಡಿ ತುಂಬಿ ತುಳಿದಳು. ಫೋಲ್ಕರ್ಟ್ ಎತ್ತಿದ್ದ ಹೆಂಟೆ ಪಕ್ಕದಲ್ಲೇ ಬಿದ್ದಿತ್ತು, ಅಂಚು ಹರಿದು ಹೋಗಿತ್ತು. ಕೆಲಸ ಬಾರದವನ ಕೈ. ಅದನ್ನು ಕೊನೆಗೆ, ಹುಲ್ಲು ಮೇಲೆ ಬರುವಂತೆ ಇಟ್ಟು, ಬರಿಗಾಲಿನಲ್ಲಿ ಒತ್ತಿದಳು.