ಯುದ್ಧದ ಬೇಸಿಗೆಯಲ್ಲಿ ಬೆದೆಗೆ ಬಂದ ಕೆಂದಿ

ಹಸುಗಳಿಗೆಂದು ಬೆಳಿಗ್ಗೆ ನೆನೆಹಾಕಿದ ಹತ್ತಿಕಾಳು ಹಿಂಡಿ ಮಧ್ಯಾಹ್ನದ ಹೊತ್ತಿಗೆ ಬಿಡುವ ಹುಳಿ ವಾಸನೆಯನ್ನು ನೀವು ಬಲ್ಲಿರೋ ಇಲ್ಲವೋ. ಸೊರಬದ ನಮ್ಮ ಮನೆಗೆ ಬರುವ ನೆಂಟರು ಮೂಗು ಮುಚ್ಚಿಕೊಳ್ಳುತ್ತಾರೆ. ನಾನು ಮಾತ್ರ ಬಕೆಟ್ಟಿನ ಮೇಲೆ ಬಗ್ಗಿ ಒಮ್ಮೆ ಉಸಿರೆಳೆದುಕೊಳ್ಳುತ್ತೇನೆ. ನನಗೆ ಅದು ಗಿರಿಜತ್ತಿಗೆಯ ಸೆರಗಿನ ವಾಸನೆ.

ಗಿರಿಜತ್ತಿಗೆ ನನ್ನ ಅಣ್ಣನ ಹೆಂಡತಿ. ನನ್ನ ತವರು ಶಿಕಾರಿಪುರ ತಾಲೂಕಿನಲ್ಲಿ, ಅಂಬ್ಲಿಗೊಳದ ಕಾಲುವೆ ಹರಿಯುವ ಕಡೆ. ಅಣ್ಣ ಮಿಲಿಟರಿಯಲ್ಲಿದ್ದ. ರಜೆಗೆ ಬಂದಾಗ ಟ್ರಂಕಿನಿಂದ ಸೀರೆ ತೆಗೆದು ಕೊಟ್ಟರೆ ಅತ್ತಿಗೆ ಅದನ್ನು ನನ್ನ ಮಡಿಲಿಗೆ ಹಾಕಿ, "ನಂಗೊಂದು ಒಳ್ಳೆ ಜಾತಿ ಕರು ಕೊಡಿಸ್ರಿ" ಎನ್ನುವಳು. ಹಾಗೆ ನಮ್ಮ ಕೊಟ್ಟಿಗೆಯ ಹಳೆಯ ಹಸುಗಳ ಜೊತೆಗೆ ಬಂದು ಸೇರಿದವಳು ಕೆಂದಿ. ನಾನೋ ಕಾಲೇಜಿಗೆ ಹೋಗುವ ಹುಡುಗಿ. ಸಗಣಿ ಕಂಡರೆ ಲಂಗ ಎತ್ತಿಕೊಂಡು ಹಾರುತ್ತಿದ್ದೆ. ಚಹಾಕ್ಕೆ ಮಾತ್ರ ಗಟ್ಟಿ ಹಾಲೇ ಆಗಬೇಕಿತ್ತು.

ಕೆಂದಿ ಬೆಳೆದು ದೊಡ್ಡವಳಾದ ಬೇಸಿಗೆಯಲ್ಲಿ ಗಡಿಯಲ್ಲಿ ಯುದ್ಧ ಶುರುವಾಯಿತು. ಅಣ್ಣ ಇದ್ದದ್ದು ಅಲ್ಲೇ. ಅವನ ಫೋನು ನಿಂತಿತು. ಅಪ್ಪ ರೇಡಿಯೋ ಮುಂದೆ ಕೂತರೆ ಊಟಕ್ಕೂ ಏಳುತ್ತಿರಲಿಲ್ಲ. ಊರವರು ಬಂದು ಅತ್ತಿಗೆಯ ಮುಖ ನೋಡಿ, ನಿಟ್ಟುಸಿರು ಬಿಟ್ಟು ಹೋಗುತ್ತಿದ್ದರು. ಅವಳು ಅವರಿಗೆಲ್ಲ ಚಹಾ ಕೊಟ್ಟು, ಹೊತ್ತಿಗೆ ಸರಿಯಾಗಿ ಹಾಲು ಕರೆಯಲು ಹೋಗುವಳು. ಅವಳು ಅಳಲಿಲ್ಲ ಎಂಬುದೇ ಊರಿಗೆ ದೊಡ್ಡ ದೂರಾಯಿತು.

ಅಂಥ ಒಂದು ಬೆಳಿಗ್ಗೆ ಕೆಂದಿ ಬೆದೆಗೆ ಬಂದು ಒಂದೇ ಸಮ ಕೂಗತೊಡಗಿದಳು. ಬೆದೆ ತಪ್ಪಿದರೆ ಮತ್ತೆ ವಾರಗಟ್ಟಲೆ ಕಾಯಬೇಕು. ಗಬ್ಬ ಕಟ್ಟಿಸುವ ಇಂಜೆಕ್ಷನ್ ಕೊಡುವವರಿಗೆ ಹೇಳಿಕಳಿಸಿದರೆ, ವೀರ್ಯದ ಕಡ್ಡಿಗಳನ್ನು ತಣ್ಣಗಿಡುವ ಗ್ಯಾಸೇ ಬಂದಿಲ್ಲ, ಲಾರಿ ಎಲ್ಲಿ ನಿಂತಿದೆಯೋ ಗೊತ್ತಿಲ್ಲ ಎಂಬ ಉತ್ತರ ಬಂತು. ಬಳ್ಳಿಗಾವಿಯಲ್ಲೊಂದು ಒಳ್ಳೆಯ ಹೋರಿ ಇತ್ತು. ಅತ್ತಿಗೆ ಸೆರಗು ಸಿಕ್ಕಿಸಿ ಹಗ್ಗ ಬಿಚ್ಚಿದಳು.

ಅಂಗಳಕ್ಕೆ ಬಂದರೆ ಅಪ್ಪನ ಪಕ್ಕದಲ್ಲಿ ಶಿಕಾರಿಪುರದ ದನದ ವ್ಯಾಪಾರಿ ಇಮಾಮ್ ಸಾಬರು ನಿಂತಿದ್ದರು. ಅಪ್ಪ ನಮಗ್ಯಾರಿಗೂ ಹೇಳದೆ ಅವರನ್ನು ಕರೆಸಿದ್ದರು.

"ಎಲ್ಲಿಗ್ ಹೊಂಟಿ? ಗಂಡ ಗುಂಡಿನ ಬಾಯಾಗ ಅದಾನೆ, ನೀನು ಹಸಾನ ಹೋರಿಗೆ ಹೊಡ್ಕೊಂಡು ಹೊಂಟೀಯಲ್ಲ, ಮಂದಿ ಏನಂದಾರು?" ಅಪ್ಪ ದಾರಿಗೆ ಅಡ್ಡ ನಿಂತರು. "ಸಾಬ್ರು ಬಂದಾರೆ, ಎಲ್ಲಾ ಕೊಟ್ಬಿಡಾಣ. ನಾಳೆ ಏನಾರ ಆದ್ರೆ ಇವನ್ನೆಲ್ಲ ಯಾರು ನೋಡ್ತಾರೆ?"

"ಏನಾರ ಅಂದ್ರೆ ಏನು ಮಾವ?" ಅತ್ತಿಗೆ ಹಗ್ಗವನ್ನು ಕೈಗೆ ಇನ್ನೊಂದು ಸುತ್ತು ಸುತ್ತಿಕೊಂಡಳು. "ಇವತ್ತು ಹಸ ಮಾರಿದ್ರೆ, ಆಗ್ಬಾರದ್ದು ಆಗೇ ಹೋತು ಅಂತ ನೀವೇ ಒಪ್ಕೊಂಡಂಗಾತು. ನಾನು ಒಪ್ಪಲ್ಲ. ಅವ್ರು ಬರ್ತಾರೆ. ಬಂದಾಗ ಮನ್ಯಾಗ ಹಾಲು ಇರ್ಬೇಕು."

ಅಪ್ಪ ಸಾಬರ ಮುಖ ನೋಡಿದರು. ಸಾಬರು ಟವೆಲ್ಲನ್ನು ಹೆಗಲಿಗೆ ಹಾಕಿಕೊಂಡರು. "ಸಾಕಿದ ತಾಯಿ ಒಲ್ಲೆ ಅಂದ್ಮ್ಯಾಲೆ ನಾನು ಹಗ್ಗ ಮುಟ್ಟಲ್ರೀ ಯಜಮಾನ್ರೆ. ಒಂದ್ ಚಹಾ ಕೊಡ್ರಿ, ಕುಡ್ದು ಹೋಗ್ತೀನಿ."

ಹಿಂದಿನಿಂದ ಹಸು ಹೊಡೆಯಲು ಒಬ್ಬರು ಬೇಕೆಂದು ಅತ್ತಿಗೆ ನನ್ನನ್ನೂ ಕರೆದುಕೊಂಡು ಹೊರಟಳು. ಅವ್ವ ಇಲ್ಲದ ಮನೆ; ಹೀಗಾಗಿ ಜೀವನದಲ್ಲಿ ಮೊದಲ ಸಲ ಚಹಾ ಮಾಡುವ ಕೆಲಸ ಅಪ್ಪನಿಗೇ ಬಿತ್ತು.

ನಾನು ನಾಚಿಕೆಗೆ ಕೊಡೆ ಬಿಚ್ಚಿ ಮುಖಕ್ಕೆ ಅಡ್ಡ ಹಿಡಿದುಕೊಂಡೆ. ಇಡೀ ಊರಿನಲ್ಲಿ ಹೂವಿನ ಕೊಡೆ ಇದ್ದದ್ದು ನನ್ನೊಬ್ಬಳ ಹತ್ತಿರ ಎಂಬುದು ಆಗ ಹೊಳೆಯಲಿಲ್ಲ. ಹೋಟೆಲಿನ ಬೆಂಚಿನ ಮೇಲಿದ್ದವನೊಬ್ಬ ನಮಗೆ ಕೇಳುವಂತೆಯೇ, "ದೇಶಕ್ಕೆ ಯುದ್ಧದ ಚಿಂತಿ, ಇವ್ಳಿಗೆ ಹೋರಿ ಚಿಂತಿ" ಎಂದ.

ಅತ್ತಿಗೆ ನಿಂತಳು. "ನಿಮ್ಮ ಗ್ಲಾಸಿನಾಗಿರೋದು ನಮ್ಮನಿ ಹಾಲು ಕಣ್ರಿ. ಬ್ಯಾಡಾದ್ರೆ ಕೆಳಗಿಡ್ರಿ."

ಯಾರೂ ಗ್ಲಾಸು ಕೆಳಗಿಡಲಿಲ್ಲ. ಕೆಂದಿ ಒಮ್ಮೆ ಗಟ್ಟಿಯಾಗಿ ಕೂಗಿದಳು. ನಾನು ಕೊಡೆ ಮಡಚಿದೆ.

ಊರು ದಾಟಿ ಗದ್ದೆಯ ದಾರಿ ಹಿಡಿದ ಮೇಲೆ ಅತ್ತಿಗೆಯ ನಡಿಗೆ ನಿಧಾನವಾಯಿತು. ಯಾರೂ ಇಲ್ಲದ ಕಡೆ ನಿಂತು ಕೆಂದಿಯ ಕುತ್ತಿಗೆಗೆ ಮುಖ ಒತ್ತಿಕೊಂಡಳು. ಅವಳ ಬೆನ್ನು ಅದುರುತ್ತಿತ್ತು. ನಾನು ಕಾಲುವೆ ನೋಡುತ್ತ ನಿಂತೆ. ಸೆರಗಿನಿಂದ ಮುಖ ಒರೆಸಿಕೊಂಡು, "ನಡಿಯೇ, ಬಿಸ್ಲು ಏರ್ತೈತಿ" ಎಂದಳು.

ಮಳೆಗಾಲದಲ್ಲಿ ಯುದ್ಧ ನಿಂತಿತು. ಅಣ್ಣ ಆಸ್ಪತ್ರೆಯಿಂದಲೇ ಮನೆಗೆ ಬಂದ. ಬಲಗೈಯಲ್ಲಿ ಹೆಬ್ಬೆರಳೂ ಅದರ ಪಕ್ಕದ್ದೂ ಮಾತ್ರ ಉಳಿದಿದ್ದವು. ಆ ಕೈಯನ್ನು ಟವೆಲ್ಲಿನಲ್ಲಿ ಮುಚ್ಚಿಕೊಂಡು ಜಗಲಿಯಲ್ಲಿ ಕೂರುವನು. ಚಳಿ ಮುಗಿಯುವಾಗ ಕೆಂದಿ ಹೆಣ್ಣು ಕರು ಹಾಕಿದಳು. ಆಗ ಅವನು ಬಾಯಿ ಬಿಟ್ಟು ಹೇಳಿದ್ದು, "ಮಾರಿಬಿಡಾಣ ಗಿರಿಜಾ. ನನ್ನಿಂದ ಇನ್ನೇನಾಗ್ತೈತಿ?"

ಅತ್ತಿಗೆ ಅವನನ್ನು ಕೊಟ್ಟಿಗೆಗೆ ಎಳೆದೊಯ್ದು, ಕೆಂದಿಯ ಪಕ್ಕ ಕೂರಿಸಿ, ಚೊಂಬನ್ನು ಅವನ ಮೊಣಕಾಲ ಸಂದಿಗೆ ಇಟ್ಟಳು. "ಆಚೆ ಕೈ ನೆಟ್ಟಗೈತಿ, ಈಚೆ ಕೈಯಾಗ ಎರಡು ಬೆರಳು ಅದಾವೆ. ಮೊಲೆ ಹಿಡಿಯಾಕೆ ಸಾಕು. ಕರೀರಿ."

ಮೊದಲ ಧಾರೆ ಚೊಂಬು ಬಿಟ್ಟು, ಪಕ್ಕದಲ್ಲಿ ನಿಂತು ನೋಡುತ್ತಿದ್ದ ಅಪ್ಪನ ಪಂಚೆಗೆ ಹಾರಿತು. ಎರಡನೆಯದು ಅಣ್ಣನ ಮೀಸೆಗೇ ಬಂತು. ಯುದ್ಧದಿಂದ ಬಂದವನು ಮೊದಲ ಸಲ ನಕ್ಕ. ನಗುತ್ತಲೇ ಅತ್ತ. ಕೆಂದಿ ಅಷ್ಟು ಹೊತ್ತೂ ಕಾಲೆತ್ತದೆ ನಿಂತಿದ್ದಳು. ಇವತ್ತು ಆ ಕೊಟ್ಟಿಗೆಯ ತುಂಬ ಕೆಂದಿಯ ಸಂತಾನ, ಕರೆಯುವವನು ಅಣ್ಣನೇ.

ಈಚೆಗೆ ಮತ್ತೆ ಟಿವಿಯಲ್ಲಿ ಯುದ್ಧದ ಮಾತು. ಸೊರಬದ ಮನೆಯಲ್ಲಿ ನಮ್ಮ ಯಜಮಾನರು ರಿಮೋಟು ಹಿಡಿದು ಕೂತು, "ಕಾಲ ಸರಿ ಇಲ್ಲ ಮಾರಾಯ್ತಿ. ಇನ್ನೊಂದು ಹಸು ಕಟ್ಟೋದು ಈಗ್ಲೇ ಬೇಡ" ಎಂದರು.

"ಕಾಲ ಸರಿ ಇದ್ದದ್ದು ಯಾವಾಗ, ಹೇಳಿ ನೋಡುವ" ಎಂದೆ. ಅವರು ಯೋಚಿಸುತ್ತ ಕೂತರು. ಅವರ ಯೋಚನೆ ಮುಗಿಯಲೆಂದು ನಾನು ಕಾಯಲಿಲ್ಲ. ಕೊಟ್ಟಿಗೆಗೆ ಹೋಗಿ, ಕೊಡಲಿಯ ಹಿಂಬದಿಯಿಂದ ಹೊಸ ಗೂಟ ಹೊಡೆಯತೊಡಗಿದೆ. ಟಿವಿಯ ಸದ್ದು ಕೇಳಿಸದಷ್ಟು ಜೋರಾಗಿಯೇ ಹೊಡೆದೆ.