ಭಾವನವರ ಮುಂದೆ ಆಡಿದ ಮಾತು

ಇಪ್ಪತ್ತೆರಡು ವರ್ಷ ನಾನು ನಮ್ಮ ಭಾವನವರ ಮುಂದೆ ಬಾಯಿ ಬಿಟ್ಟವಳಲ್ಲ. ಗಂಡನ ಅಣ್ಣ ಎದುರಿಗೆ ಬಂದರೆ ಸೆರಗು ತಲೆಯ ಮೇಲೆ, ಮಾತು ಹೊಟ್ಟೆಯೊಳಗೆ. ಬಿಜ್ಜರಗಿಯ ನಮ್ಮ ಮನೆಯ ಸೊಸೆಯರಿಗೆ ಇದೇ ಪದ್ಧತಿ. ಅದನ್ನು ನಾನು ಮುರಿದದ್ದು ವಿಜಯಪುರದ ಒಂದು ಖಾಸಗಿ ಆಸ್ಪತ್ರೆಯಲ್ಲಿ, ಅದೂ ಸಂಡಾಸಿನ ಮಾತು ಎತ್ತಿ. ನನಗೇನೂ ನಾಚಿಕೆಯಿಲ್ಲ.

ಹೊಟ್ಟೆಯಲ್ಲಿ ಉರಿ ಶುರುವಾದಾಗ ಮನೆಯವರೆಲ್ಲ ತಪ್ಪನ್ನು ಖಾರದ ಮೇಲೆ ಹೊರಿಸಿದರು. ನನ್ನ ಊಟದ ಗಂಗಾಳದಿಂದ ಕೆಂಪು ಮೆಣಸಿನಕಾಯಿಯ ರಂಜಕ ಹೋಯಿತು, ಶೇಂಗಾಹಿಂಡಿಯ ಚಟ್ನಿಪುಡಿ ಹೋಯಿತು, ಬರೀ ಮಜ್ಜಿಗೆ ಬಂತು. ಉರಿ ಮಾತ್ರ ಹೋಗಲಿಲ್ಲ. ಒಂದು ದಿನ ನಮ್ಮ ದ್ರಾಕ್ಷಿ ಪಡದಲ್ಲಿ, ಅಂದರೆ ತೋಟದಲ್ಲಿ, ಕಣ್ಣಿಗೆ ಕತ್ತಲೆ ಬಂದು ಕುಸಿದು ಕುಳಿತ ಮೇಲೆಯೇ ಹೊಟ್ಟೆಯ ದೊಡ್ಡ ಡಾಕ್ಟರರ ನೆನಪಾಯಿತು. ಗಂಡನಿಗೆ ದ್ರಾಕ್ಷಿಗೆ ಔಷಧ ಹೊಡೆಯುವ ಕೆಲಸವಿತ್ತು. ಹಾಗಾಗಿ ಭಾವನವರೂ ಅವರ ಹೆಂಡತಿ, ಅಂದರೆ ನಾನು ಅಕ್ಕ ಎನ್ನುವ ನನ್ನ ನೆಗೆಣ್ಣಿಯೂ ಜೊತೆಗೆ ಹೊರಟರು.

ಖಾಲಿ ಹೊಟ್ಟೆಯಲ್ಲಿ ಬರಬೇಕೆಂದು ಆಸ್ಪತ್ರೆಯವರು ಫೋನಿನಲ್ಲಿ ಹೇಳಿದ್ದರು. ದಾರಿಯಲ್ಲಿ ಟಿಕೋಟಾ ಬಸ್ ಸ್ಟ್ಯಾಂಡಿನಲ್ಲಿ ಭಾವನವರು ಚಹಾ ತಂದರು. ಚಹಾ ಅಂದರೆ ಊಟವಲ್ಲವಂತೆ. ನಾನು ಲೋಟವನ್ನು ನೆಗೆಣ್ಣಿಯ ಕೈಗೆ ದಾಟಿಸಿದೆ, ಅವಳು ಎರಡನ್ನೂ ಕುಡಿದಳು.

ಡಾಕ್ಟರು ನನ್ನ ಮುಖ ನೋಡಿಯೇ ಕೇಳುತ್ತಿದ್ದರು, ಉತ್ತರ ಮಾತ್ರ ಭಾವನವರಿಂದ ಬರುತ್ತಿತ್ತು. ನೋವು ಯಾವಾಗ ಬರುತ್ತದೆ, ಹಸಿವು ಹೇಗಿದೆ, ಎಲ್ಲಕ್ಕೂ ಅವರೇ. ನನ್ನ ಹೊಟ್ಟೆಯೊಳಗೆ ಅವರೇನು ಬಾಡಿಗೆಗಿದ್ದರೇ? ಕೊನೆಗೆ ಡಾಕ್ಟರು ಸಂಡಾಸಿನ ಬಣ್ಣ ಕೇಳಿದರು. ಭಾವನವರು ಗೋಡೆ ನೋಡುತ್ತ, ಎಲ್ಲ ಸರಿಯಿದೆ ಅಂದುಬಿಟ್ಟರು. ಡಾಕ್ಟರು ಬರೆಯತೊಡಗಿದರು.

ಸರಿಯಿರಲಿಲ್ಲ. ಎರಡು ತಿಂಗಳಿಂದ ನಾನು ನೋಡುತ್ತಿದ್ದೆ, ನೀರು ಸುರಿದು ಸುಮ್ಮನಾಗುತ್ತಿದ್ದೆ, ಗಂಡನಿಗೂ ಹೇಳಿರಲಿಲ್ಲ. ಈಗ ಬಾಯಿ ಮುಚ್ಚಿದರೆ ಉರಿಯ ಔಷಧ ಹಿಡಿದು ಮನೆಗೆ ಹೋಗುತ್ತೇನೆ, ಮುಂದಿನ ಸಲ ಕುಸಿದರೆ ಏಳುವುದಿಲ್ಲ ಎಂದು ಭಯವಾಯಿತು. ಮರ್ಯಾದೆಗಾಗಿ ಸಾಯುವಷ್ಟು ಒಳ್ಳೆಯ ಸೊಸೆ ನಾನಲ್ಲ.

"ಸರಿ ಇಲ್ರಿ ಸರ್," ಎಂದೆ. "ಎರಡ ತಿಂಗಳಾತು, ಸಂಡಾಸ ಡಾಂಬರದಂಗ ಕರ್ರಗ ಆಗಾಕತ್ತೈತಿ."

ನೆಗೆಣ್ಣಿ ನನ್ನ ತೊಡೆ ಚಿವುಟಿದಳು. ಭಾವನವರು ಎದ್ದು ಹೊರಗೆ ಹೋದರು. ಡಾಕ್ಟರು ಪೆನ್ನು ಕೆಳಗಿಟ್ಟು, ಅದು ಒಳಗೆ ಸೋರುತ್ತಿರುವ ರಕ್ತ, ಹೇಳಿದ್ದು ಒಳ್ಳೆಯದಾಯಿತು ಎಂದರು. ನೋವಿನ ಗುಳಿಗೆ ತಿನ್ನುತ್ತೀಯೇನು ಎಂದೂ ಕೇಳಿದರು. ತಿನ್ನುತ್ತಿದ್ದೆ. ಪಡದ ಕೆಲಸಕ್ಕೆ ಸೊಂಟ ಹಿಡಿಯುತ್ತದೆಂದು ಭಾವನವರೇ ಬಬಲೇಶ್ವರ ಸಂತೆಗೆ ಹೋದಾಗಲೆಲ್ಲ ಕಾಳಜಿಯಿಂದ ತರುತ್ತಿದ್ದರು. ಒಂದೇ ಪಟ್ಟಿಯಿಂದ ನಾನೂ ನೆಗೆಣ್ಣಿಯೂ ಗುಳಿಗೆ ಹರಿದುಕೊಂಡು ನುಂಗುತ್ತಿದ್ದೆವು.

ಗಂಟಲಲ್ಲಿ ನಳಿಕೆ ಇಳಿಸಿ ನೋಡಿದರು. ಹುಣ್ಣು ಸಿಕ್ಕಿತು, ರಕ್ತ ನಿಲ್ಲಿಸಿದರು, ಮೂರು ದಿನ ಮಲಗಿಸಿಕೊಂಡರು. ಖಾರದ ತಪ್ಪಲ್ಲ, ಗುಳಿಗೆಯದು ಎಂದರು. ಮನೆಗೆ ಹೋದ ಮೇಲೆ ರಂಜಕದ ಹತ್ತಿರ ಎಲ್ಲರೂ ಕ್ಷಮೆ ಕೇಳಬೇಕು ಅಂದುಕೊಂಡೆ.

ತಿರುಗಿ ಬರುವಾಗ ಭಾವನವರು ಬಸ್ಸಿನ ಮುಂದಿನ ಸೀಟಿನಲ್ಲಿ ಕುಳಿತರು, ಹಿಂದೆ ತಿರುಗಲಿಲ್ಲ. ನೆಗೆಣ್ಣಿ ದಾರಿಯುದ್ದಕ್ಕೂ ಬೈದಳು. ಗಂಡಸರ ಮುಂದೆ ಆಡುವ ಮಾತೇ ಅದು, ಮನೆತನದ ಮಾನ ಕಳೆದೆ ಎಂದಳು. ಮಾನ ಮತ್ತೆ ಗಳಿಸಬಹುದು, ರಕ್ತ ಎಲ್ಲಿಂದ ತರಲಿ ಎಂದೆ. ಅವಳು ಕಿಟಕಿಯ ಕಡೆ ತಿರುಗಿದಳು. ಟಿಕೋಟಾ ಹತ್ತಿರ ಬಂದಾಗ ಕಿಟಕಿಯ ಹೊರಗೆ ನೋಡುತ್ತಲೇ ಮೆಲ್ಲಗೆ ಅಂದಳು.

"ನಂದೂ ಕರ್ರಗ ಆಗಾಕತ್ತೈತಿ ಬೇ."

ಬಸ್ಸು ಸ್ಟ್ಯಾಂಡಿನಲ್ಲಿ ನಿಂತಿತು. ನಾನು ಅವಳ ಕೈ ಹಿಡಿದು ಎಬ್ಬಿಸಿದೆ. ಊರು ಇನ್ನೂ ಬಂದಿಲ್ಲ, ಇಲ್ಲೇಕೆ ಇಳಿಯುತ್ತೀರಿ ಎಂದು ಭಾವನವರು ಎದ್ದು ನಿಂತರು. ಸೆರಗು ಹೆಗಲ ಮೇಲೆಯೇ ಇತ್ತು. ಮೊದಲ ಸಲ ಅವರ ಮುಖವನ್ನು ನೇರ ನೋಡಿ ಹೇಳಿದೆ.

"ವಿಜಯಪುರಕ್ಕ ಹೊಂಟೇವ್ರಿ, ಭಾವಾರ. ಡಾಕ್ಟರ್ ಕೇಳಿದ್ದಕ್ಕ ಈ ಸಲ ಅಕ್ಕನೇ ಹೇಳ್ತಾಳ."