ಬಾಬಣ್ಣನ ಸೈಕಲ್ ಏರು ಹತ್ತಿದ್ದು

ಕಳೆದ ತಿಂಗಳು ಬಾಬಣ್ಣ ನಮ್ಮ ಗೇಟಿನೆದುರು, ನಮ್ಮ ಬೆಕ್ಕಿನ ಸಮಕ್ಷಮದಲ್ಲಿ, ರಾಜೀನಾಮೆ ಕೊಟ್ಟರು.

ಬಾಬಣ್ಣ ಎಂದರೆ ನಮ್ಮ ಮೀನಿನವರು. ಬೆಳಿಗ್ಗೆ ಮಲ್ಪೆ ಬಂದರಿನ ದಕ್ಕೆಯಲ್ಲಿ ಮೀನು ಕೊಂಡು, ಸೈಕಲ್ಲಿನ ಕ್ಯಾರಿಯರಿಗೆ ಪೆಟ್ಟಿಗೆ ಕಟ್ಟಿ, ಉಡುಪಿ ದಾಟಿ, ಇಂದ್ರಾಳಿಯಿಂದ ಏರು ಹತ್ತಿ ಗುಡ್ಡದ ಮೇಲಿನ ನಮ್ಮ ಮಣಿಪಾಲಕ್ಕೆ ಬರುವವರು. ಇಪ್ಪತ್ತು ವರ್ಷಗಳಿಂದ! ಅವರ ರಬ್ಬರ್ ಹಾರ್ನ್ ಕೇಳಿದರೆ ನನ್ನ ಹೆಂಡತಿ ಪಾತ್ರೆ ಹಿಡಿದು ಓಡುತ್ತಾಳೆ. (ಬೆಕ್ಕು ಅವಳಿಗಿಂತ ಮೊದಲು.) ಮೀನಿನ ಕಿವಿರು ಎತ್ತಿ ನೋಡಿ ಅವಳು ಕೇಳುವುದು ಒಂದೇ ಪ್ರಶ್ನೆ: "ಫ್ರೆಶ್ ಉಂಟಾ ಬಾಬಣ್ಣ?"

ಆ ದಿನ ಬಂಗುಡೆ ಪಾತ್ರೆಗೆ ಹಾಕಿದವರೇ, "ಸೋಮವಾರದಿಂದ ನಾನು ಮೇಲೆ ಬರುವುದಿಲ್ಲ ಅಕ್ಕ. ಮೊಣಕಾಲಿನ ಗಂಟು ಹೋಯಿತು. ಇನ್ನು ಏರು ತುಳಿಯಲೇಬಾರದು ಅಂತ ಡಾಕ್ಟ್ರು ಹೇಳಿದ್ದಾರೆ" ಎಂದರು.

"ಕೆಳಗೆಯೇ ಮಾರಬಹುದಲ್ವಾ?" ಎಂದೆ. (ಸಲಹೆ ಕೊಡುವುದರಲ್ಲಿ ನಾನು ಯಾವತ್ತೂ ಹಿಂದೆ ಬಿದ್ದವನಲ್ಲ.)

"ಕೆಳಗೆ ಮೂಲೆಗೊಬ್ಬರು ಉಂಟು ಸರ್. ನನ್ನ ಗಿರಾಕಿಗಳೆಲ್ಲ ಇಲ್ಲಿ ಮೇಲೆಯೇ. ಇದು ಬಿಟ್ಟರೆ ಮನೆಯಲ್ಲಿ ಕೂರುವುದೇ."

ಮೊಪೆಡ್? ಅದನ್ನು ಕಲಿಯಲು ಹೋಗಿ ಒಮ್ಮೆ ಚರಂಡಿಗೆ ಇಳಿದವರು. ಈಗಲೂ ಅದರ ಸದ್ದು ಕೇಳಿದರೆ ರಸ್ತೆ ಬದಿಗೆ ಸರಿದು ನಿಲ್ಲುತ್ತಾರಂತೆ.

ಆಗ ನನಗೆ ನಮ್ಮ ಮಂಚದಡಿಯ ಪೆಟ್ಟಿಗೆ ನೆನಪಾಯಿತು. ಹೊಟ್ಟೆ ಕರಗಬೇಕು, ಆದರೆ ಸುಸ್ತಾಗಬಾರದು ಎಂಬ ಘನ ಉದ್ದೇಶದಿಂದ ಮಸ್ಕತ್‌ನ ಭಾವನ ಕೈಯಲ್ಲಿ ತರಿಸಿದ್ದ ಕಿಟ್ ಅದು. ಮಾಮೂಲಿ ಸೈಕಲ್ಲನ್ನು ಎಲೆಕ್ಟ್ರಿಕ್ ಮಾಡುವಂಥದ್ದು. ಚಕ್ರದ ನಡುವಿನ ಹಬ್ಬಿನೊಳಗೇ ಮೋಟರು. ಅದಕ್ಕೆ ಎಷ್ಟು ಕರೆಂಟ್ ಬೇಕೋ ಅಷ್ಟನ್ನೇ ಬಿಡುವ ಕಂಟ್ರೋಲರ್ ಎಂಬ ಪುಟ್ಟ ಡಬ್ಬಿ. ನನ್ನ ಹವ್ಯಾಸಗಳ ಆಯುಸ್ಸು ಎಷ್ಟೆಂದು ಈ ಅಂಕಣ ಓದುವ ನಿಮಗೆ ಗೊತ್ತೇ ಇದೆ. ಪೆಟ್ಟಿಗೆಯ ಟೇಪು ಕೂಡ ಬಿಚ್ಚಿರಲಿಲ್ಲ.

ನಾನೂ ಬಾಬಣ್ಣನೂ ಆ ಪೆಟ್ಟಿಗೆ ಹೊತ್ತು ಇಂದ್ರಾಳಿಯ ಹಸನಬ್ಬರ ಸೈಕಲ್ ಶಾಪಿಗೆ ಹೋದೆವು. ಹಸನಬ್ಬ ಮೋಟರನ್ನೊಮ್ಮೆ ನೋಡಿದರು, ನನ್ನನ್ನೊಮ್ಮೆ ನೋಡಿದರು. "ಎಂತದು ಮಾರಾಯ್ರೆ, ಚಕ್ರಕ್ಕೂ ಹೊಟ್ಟೆ ಬಂದದ್ದಾ?"

ಕಿಟ್ಟಿನ ಚಕ್ರ ಚಿಕ್ಕದು, ಬಾಬಣ್ಣನ ಸೈಕಲ್ ದೊಡ್ಡದು. ಮೋಟರಿನ ಕಡ್ಡಿಗಳಿಗೆ ಬೇಕಾದಷ್ಟು ತೂತು ನಮ್ಮ ರಿಮ್ಮಿಗಿಲ್ಲ. ಕಿಟ್ಟಿನ ಜೊತೆ ಬಂದ ಪುಸ್ತಕ ಪೂರ್ತಿ ಚೀನೀ ಭಾಷೆ. ನಾನಾಗಿದ್ದರೆ ಮತ್ತೆ ಮಂಚದಡಿಗೇ ತಳ್ಳುತ್ತಿದ್ದೆ. ಹಸನಬ್ಬ ಪುಸ್ತಕ ಮುಟ್ಟಲೇ ಇಲ್ಲ. ರಿಮ್ಮಿಗೆ ಹೊಸ ತೂತು ಕೊರೆದರು, ಕಡ್ಡಿಗಳನ್ನು ಅಳತೆಗೆ ಕತ್ತರಿಸಿದರು, ಮುಂದಿನ ಫೋರ್ಕನ್ನು ಮೋಟರು ಕೂರುವಷ್ಟು ಅಗಲಿಸಿದರು. ಒಂದೊಂದೇ ಕಡ್ಡಿಯನ್ನು ಬೆರಳಿನಿಂದ ಮೀಟಿ, ಕಿವಿಗೊಟ್ಟು ಕೇಳಿ ಬಿಗಿ ಮಾಡಿದರು. ಯುಪಿಎಸ್‌ಗೆ ಹಾಕುವ ಮೂರು ಬ್ಯಾಟರಿ ತಂದು ಸೈಕಲ್ಲಿನ ಬಾರಿನಡಿ ಚೀಲದಲ್ಲಿ ಕಟ್ಟಿದ್ದಾಯಿತು. ಇಂಥ ಕೈಗಳಿಗೆ ನಾವು ಯಾಕೆ ಸರ್ಟಿಫಿಕೇಟ್ ಕೊಡುವುದಿಲ್ಲ?

ಇಡೀ ಕೆಲಸದಲ್ಲಿ ನಾನು ತೆಗೆದುಕೊಂಡ ತೀರ್ಮಾನ ಒಂದೇ. ಕಂಟ್ರೋಲರನ್ನು ಕ್ಯಾರಿಯರಿನ ಕೆಳಗೆ ಕೂರಿಸಲು ಹೇಳಿದ್ದು.

"ಅಲ್ಲಿಯಾ?" ಎಂದರು ಹಸನಬ್ಬ.

"ಪುಸ್ತಕದ ಚಿತ್ರದಲ್ಲಿ ಹಾಗೇ ಉಂಟಲ್ಲ!" ಎಂದೆ. ಅವರು ಅಲ್ಲೇ ಕೂರಿಸಿ ನಟ್ಟು ಬಿಗಿದರು.

ಮೊದಲ ದಿನ ಬಾಬಣ್ಣ ಏರು ಹತ್ತಿ ಬಂದದ್ದನ್ನು ನೀವು ನೋಡಬೇಕಿತ್ತು. ಬೆನ್ನು ನೆಟ್ಟಗೆ, ಅಂಗಿ ಒಣಗಿದ್ದು, ಮುಖದಲ್ಲಿ ನಗು. ನನ್ನ ಹೆಂಡತಿ ಕಿವಿರು ನೋಡುವುದನ್ನು ಬಿಟ್ಟು ಸೈಕಲ್ ನೋಡಿದಳು. ನಾನಂತೂ ವಾರವಿಡೀ ಸಿಕ್ಕಿದವರಿಗೆಲ್ಲ ಹೇಳಿಕೊಂಡು ತಿರುಗುವ ಹುರುಪಿನಲ್ಲಿದ್ದೆ.

ನಾಲ್ಕನೆಯ ದಿನ ಹಾರ್ನ್ ಕೇಳಲಿಲ್ಲ. ಬೆಕ್ಕು ಗೇಟಿನಲ್ಲೇ ಕೂತಿತ್ತು. ಸ್ಕೂಟರ್ ಹತ್ತಿ ಕೆಳಗಿಳಿದರೆ, ಅರ್ಧ ಏರಿನಲ್ಲಿ ಬಾಬಣ್ಣ ಸೈಕಲ್ ತಳ್ಳುತ್ತಿದ್ದಾರೆ. ಮೀನಿನ ಭಾರದ ಮೇಲೆ ಮೋಟರಿನ ಭಾರ, ಮೂರು ಬ್ಯಾಟರಿಯ ಭಾರ. ಬಲಗಾಲನ್ನು ಎಳೆದುಕೊಂಡೇ ಬರುತ್ತಿದ್ದರು. ನನಗೆ ನಿಜಕ್ಕೂ ನಾಚಿಕೆಯಾಯಿತು.

"ಇದು ಬೇಡ ಸರ್, ತೆಗೆಸಿಬಿಡಿ. ಬರೀ ಸೈಕಲ್ಲೇ ಹಗುರ ಇತ್ತು" ಎಂದರು.

ಸೈಕಲ್ಲನ್ನು ಶಾಪಿಗೆ ತಂದಾಗ ಹಸನಬ್ಬ ಕಂಟ್ರೋಲರ್ ಬಿಚ್ಚಿದರು. ಒಳಗಿಂದ ನೀರು ಸುರಿಯಿತು, ಜೊತೆಗೆ ಎರಡು ಮೀನಿನ ಪೊರೆ. ಪೆಟ್ಟಿಗೆಯ ಐಸು ಕರಗಿ, ಮೀನಿನ ಉಪ್ಪುನೀರು ತೊಟ್ಟಿಕ್ಕಿದ್ದು ನೇರ ಅದರ ತಲೆಗೆ!

"ಚಿತ್ರ ಬಿಡಿಸಿದವ ಮೀನು ಮಾರಿದವ ಅಲ್ಲ" ಎಂದರು ಹಸನಬ್ಬ.

"ನಿಮಗೆ ಮೊದಲೇ ಗೊತ್ತಿತ್ತಾ?"

"ಡೌಟ್ ಇತ್ತು. ನೀವು ಓದಿದವರು ಅಲ್ವಾ ಮಾರಾಯ್ರೆ, ಹೇಗೆ ಹೇಳುವುದು?"

ನಾನು ಹೋಗಿ ಬೆಂಚಿನ ಮೇಲೆ ಕೂತೆ. ಅವರು ಡಬ್ಬಿಯನ್ನು ಸಿಹಿನೀರಿನಲ್ಲಿ ತೊಳೆದು, ಎರಡು ದಿನ ಒಣಗಿಸಿ, ಸುಟ್ಟ ವಯರ್ ಬೆಸೆದರು. ಹ್ಯಾಂಡಲಿನ ಕೆಳಗೆ ಕೂರಿಸಿ, ಎಣ್ಣೆಯ ಪ್ಲಾಸ್ಟಿಕ್ ಕ್ಯಾನ್ ಕತ್ತರಿಸಿ ನೀರು ಬೀಳದಂತೆ ಮೇಲೊಂದು ಮಾಡು ಕಟ್ಟಿದರು. ವಯರುಗಳಿಗೆ ಹಳೆಯ ಟ್ಯೂಬಿನ ಅಂಗಿ. ಈ ಸಲ ನನ್ನ ಪಾಲಿಗೆ ಬಂದದ್ದು ಸ್ಪ್ಯಾನರ್ ಎತ್ತಿಕೊಡುವ ಕೆಲಸ ಮಾತ್ರ.

ಈಗ ಮೂರು ವಾರವಾಯಿತು, ಮೋಟರು ಒಂದು ದಿನವೂ ಕೈ ಕೊಟ್ಟಿಲ್ಲ. ಮಲ್ಪೆಯಿಂದ ಇಂದ್ರಾಳಿಯವರೆಗೆ ಬಾಬಣ್ಣ ನಿಧಾನಕ್ಕೆ ತುಳಿದುಕೊಂಡೇ ಬರುತ್ತಾರೆ. ಏರು ಶುರುವಾದ ಮೇಲಷ್ಟೇ ಹ್ಯಾಂಡಲಿನ ಹಿಡಿ ತಿರುಗಿಸಿ ಮೋಟರು ಓಡಿಸುವುದು. "ಸಮತಟ್ಟು ನನ್ನದು ಸರ್, ಏರು ಅದರದ್ದು" ಎನ್ನುತ್ತಾರೆ.

ಮೊನ್ನೆ ನನ್ನ ಹೆಂಡತಿ ಅಭ್ಯಾಸಬಲದಿಂದ ಕಿವಿರಿಗೆ ಕೈ ಹಾಕಿದವಳು, ಅರ್ಧಕ್ಕೇ ನಿಲ್ಲಿಸಿ, "ಕಾಲಿನ ಗಂಟು ಹೇಗುಂಟು ಬಾಬಣ್ಣ?" ಎಂದಳು. ಬಂಗುಡೆ ಎಣಿಸುತ್ತಿದ್ದ ಬಾಬಣ್ಣ ಲೆಕ್ಕ ತಪ್ಪಿ ಮತ್ತೆ ಒಂದರಿಂದ ಶುರು ಮಾಡಿದರು. ಈ ಗೇಟಿನಲ್ಲಿ ಅವರನ್ನು ಯಾರೂ ಹಾಗೆ ಕೇಳಿದ್ದೇ ಇಲ್ಲ.

ಇಪ್ಪತ್ತು ವರ್ಷ ಮೀನಿನ ಕಿವಿರು ಎತ್ತಿ ಎತ್ತಿ ನೋಡಿದೆವಲ್ಲ, ಅದನ್ನು ಮೇಲಕ್ಕೆ ತಂದ ಕಾಲನ್ನು ಒಮ್ಮೆಯಾದರೂ ನೋಡಿದ್ದೆವೇ?